ಬಲೆಯ ಸೀಸಕ್ಕೆ ಬೇರೆ ಸೌಟು

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಒಂದು ಊರು. ಅಂಗಳದ ಮೂರು ಕಲ್ಲಿನ ಒಲೆಯ ಮೇಲೆ ನಗ್ಗಿದ ಅಲ್ಯೂಮಿನಿಯಂ ಬೋಗುಣಿ, ಅದರೊಳಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಸೀಸ. ಒಲೆಗೆ ತೊಗರಿ ಕಟ್ಟಿಗೆ ಹಾಕಿದ್ದರು. ಹಿರಿಯರೊಬ್ಬರು ಸೌಟಿನಿಂದ ಸೀಸ ಮೊಗೆದು ಅಚ್ಚಿಗೆ ಎರೆಯುತ್ತಿದ್ದರು. ತಣ್ಣಗಾದ ಮಣಿಗಳನ್ನು ಮೊಮ್ಮಗ ಎಣಿಸಿ ಡಬ್ಬಿಗೆ ಹಾಕುತ್ತಿದ್ದ. ಕೆಲಸ ಮುಗಿದ ಮೇಲೆ ಸೌಟನ್ನು ಬೂದಿ ಹಚ್ಚಿ ತೊಳೆದು ಅಡುಗೆಮನೆಯ ಗೋಡೆಯ ಮೊಳೆಗೆ ಮತ್ತೆ ತೂಗುಹಾಕಿದರು. ರಾತ್ರಿ ಬೇಳೆಸಾರು ಬಡಿಸುವುದೂ ಅದೇ ಸೌಟಿನಿಂದ.

ನಾನು ಬೇಡವೆಂದೆ. ಹಿರಿಯರು ನಕ್ಕರು: “ನಮ್ಮಪ್ಪನ ಕಾಲದಿಂದ ಹಿಂಗೇ ಮಾಡ್ಲತ್ತೀವ್ರಿ ಸರ, ಯಾರಿಗೇನಾಗ್ಯಾದ ಹೇಳ್ರಿ?” ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿತ್ತು, ಅವರಿಗೆ ಒಪ್ಪಿಗೆಯಾಗುವ ಮಾತು ಇರಲಿಲ್ಲ. ಈ ಬರಹ ಆ ಮಾತಿಗಾಗಿ. ಇದೇ ಕೆಲಸವನ್ನು ಹೊಸದಾಗಿ ಕಲಿಯಲು ಹೊರಟ ಹುಡುಗರು ಏನೇನು ಸಾಮಾನು ಹೊಂದಿಸಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿಸುವುದಕ್ಕಾಗಿಯೂ ಹೌದು.

ಭೀಮೆಯ ದಂಡೆಗೆ ಸೀಸ ಏಕೆ ಬೇಕು ಎಂಬುದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಭೀಮೆ ಸೊನ್ನ ಬ್ಯಾರೇಜು, ಘತ್ತರಗಿ ದಾಟಿ ಜೇವರ್ಗಿ ಕಡೆಗೆ ಹರಿದು ಕಟ್ಟಿಸಂಗಾವಿ ಸೇತುವೆಯ ಕೆಳಗೆ ಸಾಗುತ್ತದೆ. ಅಮರ್ಜಾ ಜಲಾಶಯವಿರುವುದು ಆಳಂದ ತಾಲ್ಲೂಕಿನ ಕೋರಳ್ಳಿ ಹತ್ತಿರ. ನೀರು ನಿಂತಲ್ಲೆಲ್ಲ ಬಲೆ ಬೀಳುತ್ತದೆ. ಕೋಲಿ, ಕಬ್ಬಲಿಗ, ಅಂಬಿಗ ಎಂದು ಬೇರೆ ಬೇರೆ ಹೆಸರಿನಿಂದ ಕರೆಸಿಕೊಳ್ಳುವ ಮನೆತನಗಳು ಈ ಸೀಮೆಯಲ್ಲಿ ಬಹಳ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನನ್ನು ತಮ್ಮ ಹಿರಿಯನೆಂದು ನೆನೆಯುವ ಜನ ಇವರು.

ಬೀಸುಬಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಸೀಸದ ಕೆಲಸ ಅರ್ಥವಾಗುತ್ತದೆ. ಬಲೆ ಕೊಡೆಯಂತೆ ಬಿಚ್ಚಿಕೊಂಡು ನೀರಿಗೆ ಬಿದ್ದ ಕೂಡಲೇ ಅದರ ಅಂಚು ಮೀನಿಗಿಂತ ಬೇಗ ತಳ ಮುಟ್ಟಬೇಕು. ತಡವಾದರೆ ಮೀನು ಅಂಚಿನ ಕೆಳಗೆ ನುಸುಳಿ ಹೋಗುತ್ತದೆ. ಕಬ್ಬಿಣದ ಸಾಂದ್ರತೆ ನೀರಿನ ಸುಮಾರು 7.9 ಪಟ್ಟು, ಸೀಸದ್ದು 11.3 ಪಟ್ಟು. ಅಷ್ಟೇ ಗಾತ್ರದ ಮಣಿ ಸೀಸದ್ದಾದರೆ ಬೇಗ ಮುಳುಗುತ್ತದೆ, ಬಲೆಯ ಅಂಚೂ ತೆಳ್ಳಗೆ ಉಳಿಯುತ್ತದೆ. ಜತೆಗೆ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೇ, ಮನೆಯ ಒಲೆಗೇ ಬಗ್ಗುವ ಲೋಹ ಅದು. ತಾಮ್ರ, ಕಬ್ಬಿಣ ಕರಗಿಸಬೇಕಾದರೆ ಕುಲುಮೆಯೇ ಬೇಕು. ಈ ಸುಲಭದಿಂದಲೇ ಸೀಸ ಅಂಗಳಕ್ಕೆ ಬಂತು, ಅಂಗಳದಿಂದ ಅಡುಗೆಮನೆಗೂ ಬಂತು.

ಮುಂದುವರಿಯುವ ಮೊದಲು ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಸೀಸದ ಎರಕ ಎಂದು ಮೊಬೈಲಿನಲ್ಲಿ ಹುಡುಕಿದರೆ ಅಮೆರಿಕದವರು ಮನೆಯ ಶೆಡ್ಡಿನಲ್ಲಿ ಬಂದೂಕಿನ ಗುಂಡು ಎರೆಯುವ ವಿಡಿಯೊಗಳೇ ಸಾಲುಸಾಲಾಗಿ ಬರುತ್ತವೆ. ಅಲ್ಲಿ ಅದು ಹವ್ಯಾಸ, ಅದರ ಸಾಮಾನು ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿ ಅದು ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಮದ್ದುಗುಂಡು ಎಂಬ ಪದದ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಬಲೆಯ ಮಣಿ ಎರೆಯುವವರಿಗೆ ಈ ಕಾಯ್ದೆಯ ಗೊಡವೆ ಇಲ್ಲ. ಆದರೆ ಆ ವಿಡಿಯೊ ನೋಡಿ “ಹಾಂಗೇ ಒಂದು ಸಾಂಚಾ ತರಿಸ್ತೀನಿ” ಎಂದು ಹೊರಡುವ ಹುಡುಗನ ಕೈ ಹಿಡಿದು ನಿಲ್ಲಿಸಿ. ಈ ಬರಹದಲ್ಲಿರುವುದು ಬಲೆಯ ಸೀಸದ ಮಾತಷ್ಟೇ.

ಹೊಸಬರು ಮೊದಲು ಕೇಳುವುದು ಅಚ್ಚಿನ ಬಗ್ಗೆ. ನಾನು ಮೊದಲು ಕೇಳುವುದು ಜಾಗದ ಬಗ್ಗೆ. ಸೀಸದ ಕೆಲಸಕ್ಕೆ ಬಯಲೇ ಸರಿ, ಗಾಳಿ ನಿಮ್ಮ ಬೆನ್ನಿನಿಂದ ಒಲೆಯ ಕಡೆಗೆ ಬೀಸುವಂತಿರಬೇಕು, ಗಾಳಿ ಹೋಗುವ ದಿಕ್ಕಿನಲ್ಲಿ ಮನೆ, ತೊಟ್ಟಿಲು, ದನದ ಕೊಟ್ಟಿಗೆ, ಕುಡಿಯುವ ನೀರಿನ ತೊಟ್ಟಿ ಇರಬಾರದು. ಕೆಳಗೆ ಒಣಗಿದ ಹೊಳೆಮರಳು ಒಂದು ಗೇಣು ದಪ್ಪ ಹರಡಿ. ಸೀಸ ಚೆಲ್ಲಿದರೆ ಮರಳಿನಲ್ಲಿ ಹೆಪ್ಪುಗಟ್ಟುತ್ತದೆ, ಎತ್ತಿ ಮತ್ತೆ ಬೋಗುಣಿಗೆ ಹಾಕಬಹುದು. ನಮ್ಮ ಕಡೆಯ ಅಂಗಳಗಳಲ್ಲಿ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಅದರ ಮೇಲೆ ಈ ಕೆಲಸ ಬೇಡ. ಪದರು ಪದರಾಗಿರುವ ಕಲ್ಲು ಅದು, ಪದರಿನ ನಡುವಿನ ತೇವ ಕಾದರೆ ಚಕ್ಕೆ ಸಿಡಿಯುತ್ತದೆ, ಕಾದ ಸೀಸವೂ ಅದರ ಜತೆ ಹಾರುತ್ತದೆ.

ಎರಡನೆಯದು ಪಾತ್ರೆ. ಅಲ್ಯೂಮಿನಿಯಂ ಬೋಗುಣಿ ಬೇಡವೇ ಬೇಡ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ ನಿಜ, ಸೀಸಕ್ಕಿಂತ ಎಷ್ಟೋ ಮೇಲೆ. ಆದರೆ ಅದಕ್ಕೂ ಬಹಳ ಮೊದಲೇ ಅದು ಮೆತ್ತಗಾಗುತ್ತದೆ, ಮತ್ತು ಒಣಗಿದ ತೊಗರಿ ಕಟ್ಟಿಗೆಯ ಉರಿ ಯಾರ ಮಾತನ್ನೂ ಕೇಳುವುದಿಲ್ಲ. ಸೀಸದ ಭಾರಕ್ಕೆ ತಳ ಜೋತುಬಿದ್ದರೆ ಅಷ್ಟೂ ಸೀಸ ಒಲೆಯ ಬೆಂಕಿಗೆ, ಪಕ್ಕದಲ್ಲಿ ಕೂತವರ ಕಾಲಿಗೆ. ಸತುವಿನ ಲೇಪವಿರುವ ತಗಡಿನ ಬಕೆಟ್ಟು, ಡಬ್ಬಿಗಳೂ ಬೇಡ, ಕಾದರೆ ಸತು ಹೊಗೆಯಾಗಿ ಎದೆಗೆ ಹೋಗುತ್ತದೆ. ಬೇಕಾದದ್ದು ದಪ್ಪ ತಳದ ಕಬ್ಬಿಣದ ಪಾತ್ರೆ, ಎರಕದ ಕಬ್ಬಿಣವಾದರೆ ಇನ್ನೂ ಒಳ್ಳೆಯದು. ಅದೂ ಚಿಕ್ಕದೇ ಇರಲಿ. ಒಂದು ಲೀಟರ್ ಪಾತ್ರೆಯ ತುಂಬ ಸೀಸ ಹಾಕಿದರೆ 11 ಕಿಲೋ ಮೀರುತ್ತದೆ! ನೀರಿನ ಲೆಕ್ಕದಲ್ಲಿ ಕಣ್ಣಳತೆ ಮಾಡುವವರು ಮೋಸಹೋಗುವುದು ಇಲ್ಲೇ. ಅರ್ಧ ಲೀಟರ್ ಪಾತ್ರೆಯಲ್ಲಿ ಅರ್ಧದಷ್ಟು ತುಂಬಿದರೆ ಹತ್ತಿರ ಹತ್ತಿರ 3 ಕಿಲೋ, ಹೊಸಬರ ಒಂದು ದಿನದ ಕೆಲಸಕ್ಕೆ ಅದು ಸಾಕು.

ಉರಿಯ ವಿಷಯ ಇನ್ನೂ ಮುಖ್ಯ. ಎರಕಕ್ಕೆ 350ರಿಂದ 400 ಡಿಗ್ರಿ ಕಾವು ಸಾಲುತ್ತದೆ. 500 ಡಿಗ್ರಿಯ ಆಸುಪಾಸಿಗೆ ಹೋದರೆ ಸೀಸ ಕಣ್ಣಿಗೆ ಕಾಣದ ಹೊಗೆಯಾಗಿ ಏಳುವುದು ಹೆಚ್ಚುತ್ತದೆ, ಕಾವು ಏರಿದಷ್ಟೂ ಆ ಹೊಗೆ ಏರುತ್ತದೆ. ಒಂಟಿ ಬರ್ನರಿನ ಗ್ಯಾಸ್ ಒಲೆಯಾದರೆ ಕಿವಿ ತಿರುವಿ ಉರಿ ಇಳಿಸಬಹುದು, ಕಟ್ಟಿಗೆಗೆ ಆ ಗುಣವಿಲ್ಲ. ಆದ್ದರಿಂದ ಅಚ್ಚಿಗಿಂತ ಮೊದಲು ಖರ್ಚು ಮಾಡಬೇಕಾದದ್ದು ಗಟ್ಟಿಯಾದ ಒಂಟಿ ಒಲೆಗೆ, ಮತ್ತೆ 500 ಡಿಗ್ರಿವರೆಗೆ ಅಳೆಯುವ, ಉದ್ದ ಕಡ್ಡಿಯ ಥರ್ಮಾಮೀಟರಿಗೆ. ಅಡುಗೆಯ ಒಲೆಯನ್ನು ಇದಕ್ಕೆ ತರಬೇಡಿ. ಥರ್ಮಾಮೀಟರ್ ಇಲ್ಲದಿದ್ದಾಗ ಎರಡು ಗುರುತು ನೆನಪಿರಲಿ. ನೆರಳಿನಲ್ಲಿ ಪಾತ್ರೆಯ ತಳ ಮಂದವಾಗಿ ಕೆಂಪಗೆ ಕಂಡರೆ ಅದು ಆಗಲೇ 500 ಡಿಗ್ರಿ ದಾಟಿದೆ. ಸೀಸದ ಮೇಲ್ಮೈಯಲ್ಲಿ ಹಳದಿ, ನೇರಳೆ ಬಣ್ಣ ಆಡತೊಡಗಿದರೂ ಕಾವು ಅತಿಯಾಗುತ್ತಿದೆ ಎಂದೇ ಅರ್ಥ. ಎರಡರಲ್ಲಿ ಯಾವುದು ಕಂಡರೂ ಉರಿ ತೆಗೆದು ದೂರ ಸರಿಯಿರಿ.

ಇನ್ನು ನೀರಿನ ಮಾತು. ಸೀಸ ಎರೆಯುವವರನ್ನು ಅಲ್ಲೇ, ಆ ಕ್ಷಣಕ್ಕೇ ಕೆಡವುವುದು ನೀರು. ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದ ಮೇಲೆ ಹಣೆಯ ಬೆವರ ಹನಿ ಬಿದ್ದರೆ ಸಾಮಾನ್ಯವಾಗಿ ಚುರ್ ಎಂದು ಆರಿಹೋಗುತ್ತದೆ. ಅದೇ ಹನಿ ಸೌಟಿನ ಬೆನ್ನಿಗೆ ಅಂಟಿಕೊಂಡು ಸೀಸದ ಒಳಗೆ ಇಳಿದರೆ ಹಬೆಗೆ ಹೋಗಲು ದಾರಿಯಿಲ್ಲ, ಬೋಗುಣಿಯಲ್ಲಿದ್ದ ಸೀಸವನ್ನೇ ಮೇಲಕ್ಕೆ ಎರಚುತ್ತದೆ. ಎಷ್ಟೋ ಅಪಘಾತಗಳು ಎರಡನೇ ಸಲ ತುಂಬುವಾಗ ಆಗುತ್ತವೆ: ಮೊದಲ ಸೀಸ ಕರಗಿದೆ, ಅದಕ್ಕೆ ಹೊಳೆಯಿಂದ ಬಂದ ಹಳೇ ಬಲೆಯ ಮಣಿಗಳನ್ನು ಹಿಡಿಗಟ್ಟಲೆ ಸುರಿಯುತ್ತಾರೆ, ಮಣಿಯ ತೂತಿನಲ್ಲಿ ತೇವ ಉಳಿದಿರುತ್ತದೆ. ಹಳೇ ಸೀಸವನ್ನು ಖಾಲಿ ಪಾತ್ರೆಗೆ ಮೊದಲೇ ಹಾಕಿ, ಅದರ ಜತೆಗೇ ನಿಧಾನ ಕಾಯಿಸಿ. ಆಮೇಲೆ ಸೇರಿಸಲೇಬೇಕಾದರೆ ಪಾತ್ರೆಯ ಅಂಚಿನ ಮೇಲಿಟ್ಟು ಬಿಸಿ ಮಾಡಿ ಇಳಿಸಿ. ಸೌಟನ್ನೂ ಹಾಗೆಯೇ ಕಾಯಿಸಿಕೊಂಡು ಅದ್ದಿ. ಮಳೆಗಾಲದಲ್ಲಿ, ಮೋಡ ಕವಿದ ದಿನ, ಈ ಕೆಲಸ ಮುಂದಕ್ಕೆ ಹಾಕಿ. ಹತ್ತಿರದಲ್ಲಿ ಕುಡಿಯುವ ನೀರಿನ ಕೊಡ ಇಡಬೇಡಿ, ಬೆಂಕಿ ಆರಿಸಲು ಮರಳಿನ ಬುಟ್ಟಿ ಇರಲಿ.

ಈಗ ಅಚ್ಚು. ನಮ್ಮ ಕಡೆ ಕೆಲವರು ಮಣ್ಣಿನಲ್ಲಿ ತೋಡಿದ ಕಾಲುವೆಗೆ ಸೀಸ ಹರಿಸಿ ಪಟ್ಟಿ ಮಾಡಿ, ಆ ಪಟ್ಟಿಯನ್ನು ತುಂಡರಿಸಿ ಬಲೆಯ ಹುರಿಗೆ ಸುತ್ತಿ ಸುತ್ತಿಗೆಯಿಂದ ತಟ್ಟುತ್ತಾರೆ. ಉಪಾಯ ಒಳ್ಳೆಯದೇ, ಮಣ್ಣು ಮಾತ್ರ ಕೆಟ್ಟದ್ದು. ಅಫಜಲಪುರ, ಆಳಂದ, ಜೇವರ್ಗಿ, ಈ ಮೂರೂ ತಾಲ್ಲೂಕುಗಳ ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ತೇವ ಹಿಡಿದಿಟ್ಟುಕೊಳ್ಳುವ ಮಣ್ಣು, ಅದಕ್ಕೇ ತೊಗರಿಗೂ ಜೋಳಕ್ಕೂ ಅದು ತಾಯಿ. ಸೀಸದ ಅಚ್ಚಿಗೆ ಅದೇ ಗುಣ ವೈರಿ. ಪಟ್ಟಿಯೇ ಬೇಕಾದರೆ ಕಬ್ಬಿಣದ ಆಂಗಲ್ ತುಂಡನ್ನು ವಿ ಆಕಾರದ ತೊಟ್ಟಿಯಂತೆ ಮಲಗಿಸಿ, ಎರಡೂ ತುದಿಗೆ ತಗಡು ಬೆಸೆಸಿಕೊಂಡರೆ ಆಯಿತು, ವೆಲ್ಡಿಂಗ್ ಅಂಗಡಿಯಲ್ಲಿ ಕಾಲು ಗಂಟೆಯ ಕೆಲಸ. ಹೊಸಬರಿಗೆ ನಾನು ಹೇಳುವುದು ಇದನ್ನೇ. ದುಂಡು ಮಣಿ ಬೇಕೆನ್ನುವವರು ಎರಡು ಹೋಳಿನ ಲೋಹದ ಅಚ್ಚು ಮಾಡಿಸಬಹುದು, ನಡುವೆ ತೂತಿಗೊಂದು ಕಡ್ಡಿ, ಹಿಡಿಯಲು ಕಟ್ಟಿಗೆಯ ಹಿಡಿಕೆ.

ಅಚ್ಚಿಗೂ ಕಾವು ಬೇಕು. ತಣ್ಣನೆಯ ಅಚ್ಚಿನಲ್ಲಿ ಮೊದಲ ನಾಲ್ಕೈದು ಮಣಿ ಸುಕ್ಕು ಸುಕ್ಕಾಗಿ, ಅರ್ಧಂಬರ್ಧ ಬರುತ್ತವೆ. ಅವನ್ನು ಮತ್ತೆ ಪಾತ್ರೆಗೆ ಹಾಕಿ, ಬೇಸರ ಬೇಡ. ಮಣಿಯ ಮೈ ಇಬ್ಬನಿ ಹಿಡಿದಂತೆ ಮಂಕಾಗಿ ಬರತೊಡಗಿದರೆ ಅಚ್ಚು ಅತಿಯಾಗಿ ಕಾದಿದೆ, ಸ್ವಲ್ಪ ಹೊತ್ತು ಬಿಡಿ. ಕೆಲಸ ಕಲಿತವರು ಬರೀ ಮಣಿಯ ಬಣ್ಣ ನೋಡಿ ಒಲೆಯ ಕಿವಿ ತಿರುವುತ್ತಾರೆ, ಅದನ್ನು ನೋಡುವುದೇ ಒಂದು ಚಂದ.

ಸೀಸ ಎಲ್ಲಿಂದ ತರುತ್ತೀರಿ ಎಂಬುದರ ಮೇಲೂ ಜೀವ ನಿಂತಿದೆ. ಹಳೇ ಬಲೆಯ ಮಣಿ, ಹಳೇ ಕೇಬಲ್ಲಿನ ಹೊದಿಕೆ, ಹಳೆಯ ನಲ್ಲಿ ಕೊಳವೆಯ ಸೀಸ, ಇವು ಮೆತ್ತಗೆ, ಉಗುರಿನಿಂದ ಗೀರಿದರೆ ಗುರುತು ಬೀಳುತ್ತದೆ. ಗಾಡಿಯ ಗಾಲಿಗೆ ಹಚ್ಚುವ ತೂಕದ ತುಂಡುಗಳಲ್ಲಿ ಈಗ ಸತುವಿನವೂ ಕಬ್ಬಿಣದವೂ ಬೆರೆತಿರುತ್ತವೆ. ಸತು ಕರಗುವುದು 419 ಡಿಗ್ರಿಗೆ, ಕಾವನ್ನು 400ರ ಒಳಗೆ ಇಟ್ಟರೆ ಅದು ಕರಗದೆ ಮೇಲೆ ತೇಲುತ್ತದೆ, ತೆಗೆದುಬಿಡಬಹುದು. ಆದರೆ ಗುಜರಿಯವರಿಂದ ಹಳೇ ಬ್ಯಾಟರಿ ತಂದು ಒಡೆಯುವುದಿದೆಯಲ್ಲ, ಅದನ್ನು ಕೈಮುಗಿದು ಹೇಳುತ್ತೇನೆ, ಬಿಟ್ಟುಬಿಡಿ. ಒಳಗಿರುವುದು ಗಂಧಕಾಮ್ಲ, ಸೀಸದ ಪುಡಿ, ಜತೆಗೆ ಆಂಟಿಮನಿ, ಆರ್ಸೆನಿಕ್‌ನಂಥ ಬೆರಕೆಗಳು. ಅದರ ಫಲಕ ಕರಗಿಸುವಾಗ ಏಳುವುದು ಬರೀ ಸೀಸದ ಹೊಗೆಯಲ್ಲ. ಚೆಲ್ಲಿದ ಪುಡಿ ಅಂಗಳದ ಮಣ್ಣಿನಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬ್ಯಾಟರಿ ತಯಾರಿಸುವವರ ಮೇಲೆಯೇ ಹಳೇ ಬ್ಯಾಟರಿ ವಾಪಸು ಪಡೆಯುವ ಹೊಣೆ ಹೊರಿಸಿವೆ. ಟ್ರ್ಯಾಕ್ಟರಿನ ಸತ್ತ ಬ್ಯಾಟರಿ ಹೋಗಬೇಕಾದದ್ದು ಅಂಗಡಿಗೆ.

ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವನ್ನು ಚಮಚದಿಂದ ತೆಗೆದು ಎಲ್ಲಿ ಹಾಕುತ್ತೀರಿ? ನಾನು ಕಂಡ ಮನೆಗಳಲ್ಲೆಲ್ಲ ಉತ್ತರ ಒಂದೇ: ತಿಪ್ಪಿಗೆ. ಆ ಕಿಟ್ಟ ಸೀಸದ ಪುಡಿಯೇ, ಗಟ್ಟಿ ಮಣಿಗಿಂತ ಅಪಾಯ, ಏಕೆಂದರೆ ಅದು ಹಾರುತ್ತದೆ, ಕೈಗೆ ಅಂಟುತ್ತದೆ. ತಿಪ್ಪಿಯ ಗೊಬ್ಬರ ಹೊಲಕ್ಕೆ, ಹೊಲದ ಸೊಪ್ಪು ತಾಟಿಗೆ. ಕಿಟ್ಟವನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಕೆಲಸದ ಜಾಗವನ್ನು ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದೇ ಡಬ್ಬಿಗೆ ಹಾಕಿ.

ಮೈಮೇಲೆ ತುಂಬುತೋಳಿನ ದಪ್ಪ ಹತ್ತಿಯ ಅಂಗಿ, ಚರ್ಮದ ಕೈಗವಸು, ಕಾಲು ಮುಚ್ಚುವ ಬೂಟು, ಕಣ್ಣಿಗೆ ಕನ್ನಡಕ. ಪಾಲಿಸ್ಟರ್ ಅಂಗಿ ಬೇಡ, ಸೀಸ ಸಿಡಿದರೆ ಬಟ್ಟೆಯೂ ಕರಗಿ ಚರ್ಮಕ್ಕೆ ಹಿಡಿಯುತ್ತದೆ. ಮೂಗಿಗೆ ಕಟ್ಟಿದ ಟವೆಲು ಲೋಹದ ಹೊಗೆಯನ್ನು ತಡೆಯುವುದಿಲ್ಲ, ಪಿ100 ಎಂದು ಬರೆದಿರುವ ಮಾಸ್ಕ್ ಬೇಕು. ಕೆಲಸದ ನಡುವೆ ಬೀಡಿ, ತಂಬಾಕು, ಎಲೆಅಡಿಕೆ, ಚಹಾ ಯಾವುದೂ ಬೇಡ. ಸೀಸ ಮೈಯೊಳಗೆ ಹೋಗುವ ದೊಡ್ಡ ದಾರಿಗಳಲ್ಲಿ ಒಂದು ಕೈಯಿಂದ ಬಾಯಿಗೆ ಇರುವ ಆ ಗೇಣು ದೂರವೇ. ಬಲೆಗೆ ಮಣಿ ಕಚ್ಚಿಸುವಾಗ ಹಲ್ಲಿನಿಂದ ಒತ್ತುವ ಅಭ್ಯಾಸ ಎಷ್ಟು ಜನರಿಗಿದೆ ನೋಡಿ. ಒಂದು ಇಕ್ಕಳ ಕೊಂಡುಕೊಳ್ಳಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈಮುಖ ತೊಳೆದು, ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜತೆ ಸೇರಿಸದೆ ಬೇರೆಯಾಗಿ ಒಗೆಯಿರಿ.

ಹಿರಿಯರು ಕೇಳಿದ್ದ ಪ್ರಶ್ನೆಗೆ ಈಗ ಬರುತ್ತೇನೆ. ಯಾರಿಗೇನಾಗಿದೆ? ಸೀಸ ಹಾವಿನಂತೆ ಕಚ್ಚಿ ತೋರಿಸುವುದಿಲ್ಲ. ಅದು ಎಲುಬಿನಲ್ಲಿ ಸೇರಿ ಹತ್ತಾರು ವರ್ಷ ಕೂರುತ್ತದೆ. ದೊಡ್ಡವರಿಗೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ರಕ್ತದೊತ್ತಡ, ಕೈಕಾಲಿನ ಸುಸ್ತು. ಇವೆಲ್ಲ ದುಡಿದು ದಣಿದ ಯಾರಿಗಾದರೂ ಬರುವ ಕಾಯಿಲೆಗಳಂತೆ ಕಾಣುವುದರಿಂದ ಸೀಸದ ಹೆಸರು ಹೊರಗೆ ಬರುವುದೇ ಇಲ್ಲ. ಮಕ್ಕಳ ಕಥೆ ಇನ್ನೂ ಕಷ್ಟ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗುವುದಿಲ್ಲ. ಲೆಕ್ಕ ಬಾರದ, ನೆನಪು ನಿಲ್ಲದ, ಕೂತಲ್ಲಿ ಕೂರದ ಹುಡುಗನನ್ನು ಮಾಸ್ತರರು ದಡ್ಡ ಎನ್ನುತ್ತಾರೆ, ಮನೆಯವರು ಹಟಮಾರಿ ಎನ್ನುತ್ತಾರೆ. ಬಸುರಿಯರ ಎಲುಬಿನಿಂದ ಹೊರಟ ಸೀಸ ಹೊಟ್ಟೆಯ ಕೂಸಿಗೂ ದಾಟುತ್ತದೆ. ಇಷ್ಟರವರೆಗೆ ಸುರಕ್ಷಿತ ಎನ್ನುವ ಪ್ರಮಾಣವೇ ಸೀಸಕ್ಕಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಮ್ ಕಂಡರೂ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎಂದು 2021ರಲ್ಲಿ ಅದು ಹೇಳಿತು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ಆ ಮಟ್ಟ ದಾಟಿದ ಮಕ್ಕಳು ಭಾರತದಲ್ಲೇ 27 ಕೋಟಿಗೂ ಹೆಚ್ಚು.

ನಾವು ಸೀಸವನ್ನು ಹೊರಗೆ ಹಾಕಿದ್ದೂ ಉಂಟು. 2000ದ ಫೆಬ್ರುವರಿಯಿಂದ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತಿತು. 2017ರಿಂದ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಪೆಟ್ರೋಲಿನಿಂದಲೂ ಗೋಡೆಯಿಂದಲೂ ತೆಗೆದ ವಿಷ ಬೋಗುಣಿಯಿಂದ ತೆಗೆಯಲಾರದಷ್ಟು ಗಟ್ಟಿಯೇ? ಇಂಗ್ಲೆಂಡಿನಲ್ಲಿ ಗಾಳದ ಚಿಕ್ಕ ಸೀಸದ ತುಂಡು ನುಂಗಿ ಹಂಸಗಳು ಸಾಯುತ್ತಿವೆ ಎಂದು 1987ರಲ್ಲೇ ಅವುಗಳ ಮಾರಾಟ ನಿಲ್ಲಿಸಿದರು. ಗಾಳಕ್ಕೆ, ನಿಂತ ಬಲೆಗೆ ನಾವೂ ಕಬ್ಬಿಣದ ಸರಪಳಿ, ಸುಟ್ಟ ಮಣ್ಣಿನ ಗುಂಡು ಬಳಸಬಹುದು. ಸುಟ್ಟ ಮಣ್ಣಿನ ಗುಂಡು ಹೊಸದೇನಲ್ಲ. ಬೀಸುಬಲೆಗೆ ಮಾತ್ರ ಸೀಸದ ವೇಗ ಬೇಕೆನ್ನುವವರ ಮಾತಿನಲ್ಲಿ ಸತ್ಯವಿದೆ. ಅವರು ಸಿದ್ಧ ಮಣಿ ಕೊಳ್ಳುವುದೇ ಮೇಲು ಎಂದು ನನ್ನ ಅಭಿಪ್ರಾಯ, ವರ್ಷಕ್ಕೊಂದು ಬಲೆ ಕಟ್ಟುವ ಮನೆಗೆ ಒಲೆ, ಮಾಸ್ಕು, ಪಾತ್ರೆಗಳ ಖರ್ಚು ಗಿಟ್ಟುವುದಿಲ್ಲ. ಊರಿಗೆಲ್ಲ ಮಣಿ ಎರೆದುಕೊಡುವ ಒಂದೆರಡು ಕೈಗಳಿದ್ದರೆ ಆ ಸಾಮಾನನ್ನು ಮೀನುಗಾರರ ಸಹಕಾರ ಸಂಘ ಕೊಂಡು, ಊರ ಹೊರಗೆ ಒಂದು ಜಾಗ ಗೊತ್ತುಮಾಡಲಿ.

ವರ್ಷಗಟ್ಟಲೆ ಮನೆಯಲ್ಲೇ ಸೀಸ ಎರೆದವರು ಡಾಕ್ಟರರ ಬಳಿ ಹೋದಾಗ ಆ ಮಾತನ್ನು ತಾವಾಗಿಯೇ ಹೇಳಿ, ರಕ್ತದ ಸೀಸದ ಪರೀಕ್ಷೆ ಬರೆದುಕೊಡಲು ಕೇಳಿ, ಮಕ್ಕಳಿಗೂ ಮಾಡಿಸಿ. ಇವತ್ತೇ ಆಗುವ ಕೆಲಸ ಇನ್ನೊಂದಿದೆ. ಗೋಡೆಯ ಮೊಳೆಯಿಂದ ಆ ಸೌಟು ತೆಗೆಯಿರಿ, ಅದರ ಹಿಡಿಕೆಗೆ ಗುರುತಿಗೆ ತಂತಿ ಸುತ್ತಿ, ಆ ಬೋಗುಣಿಯ ಜತೆ ಮನೆಯ ಹೊರಗಿಡಿ. ಬೇಳೆಸಾರಿಗೆ ಹೊಸ ಸೌಟು ತನ್ನಿ.